ಪಂಪಾಕ್ಷೇತ್ರವೂ ಅದ್ಭುತಕಥೆಯ ಇಂದಿನ ವಾಚಕನೂ

1

ಅದ್ಭುತವನ್ನು ಬಯಸಿ ಓದುವ ವಾಚಕರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಮ್ಮ ಆಲಂಕಾರಿಕರು ನವರಸಗಳಲ್ಲಿ ಅದ್ಭುತಕ್ಕೆ ಸ್ಥಾನವನ್ನಿತ್ತು, ವಿಸ್ಮಯವೇ ಅದರ ಸ್ಥಾಯಿಭಾವವೆಂದು ಹೇಳಿದರು. ದುರ್ಗಸಿಂಹನ ಪಂಚತಂತ್ರ, ನೇಮಿಚಂದ್ರನ ಲೀಲಾವತಿ ಪ್ರಬಂಧ, ಬೇತಾಳನ ಕಥೆಗಳು, ಇವೆಲ್ಲವೂ ಈ ವಿಸ್ಮಯವನ್ನು ನಂಬಿ ಹುಟ್ಟಿದುವು. ವಿಕ್ರಮನ ಹೆಗಲೇರಿದ ಬೇತಾಳನು ‘ಚಂದಮಾಮ’ದ ಮೂಲಕ 20ನೆಯ ಶತಮಾನದ ಮಕ್ಕಳನ್ನೂ ತಲಪಿದನು. ಈ ಅಭಿರುಚಿಯೇ ಇಂದು ಎರಡು ಕವಲುಗಳಾಗಿ ಒಡೆದಿದೆ. ಒಂದು ಅದ್ಭುತಕಥೆ, ಇನ್ನೊಂದು ವಿಜ್ಞಾನಕಥೆ.

ಇವೆರಡರ ಭೇದವನ್ನು ತಿಳಿಯಲು ಹಂಪೆಯ ಬಂಡೆಗಳಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಈ ಗುಂಡುಗಳು ಕಿಷ್ಕಿಂಧೆಯ ವಾನರರು ಎಸೆದಾಡಿ ಬಿಟ್ಟುಹೋದುವೆಂದು ಜನರು ಹೇಳುತ್ತಾರೆ. ಭೂವಿಜ್ಞಾನಿಯು, ಗ್ರಾನೈಟ್ ಶಿಲೆಯು ತನ್ನ ಬಿರುಕುಗಳ ಜಾಡಿನಲ್ಲಿ ಯುಗಯುಗಾಂತರಗಳಿಂದ ಸವೆದು ಈ ರೂಪವನ್ನು ಪಡೆದಿದೆಯೆಂದು ಹೇಳುತ್ತಾನೆ. ಮೊದಲನೆಯ ಮಾತಿನಿಂದ ಹೊರಟ ಕಥೆಗಾರನು ವಾನರರ ಬಲವನ್ನು ಒಪ್ಪಿಕೊಂಡು, ಅದರಿಂದ ಮುಂದೇನಾಯಿತೆಂಬುದನ್ನು ಬಣ್ಣಿಸುವನು. ಎರಡನೆಯದರಿಂದ ಹೊರಟವನು ಕಲ್ಲಿನ ಸವೆತದ ನಿಯಮವನ್ನು ಒಪ್ಪಿ, ಆ ನಿಯಮವು ಒಂದು ದಿನ ಬದಲಾದರೆ ಏನಾದೀತೆಂದು ಯೋಚಿಸುವನು. ಅದ್ಭುತಕಥೆಗೆ ನಂಬಿಕೆಯ ಸುಸಂಗತಿ ಸಾಕು. ವಿಜ್ಞಾನಕಥೆಗೆ ಕಾರಣದ ಸುಸಂಗತಿ ಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ಸುಗಮವಾಗುವುದು.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳನ್ನೊಳಗೊಂಡ ಈ ಪ್ರದೇಶವನ್ನು ನಾವು ಇತಿಹಾಸದ ನೆಲವೆಂದು ಪಾಠ ಹೇಳುತ್ತ ಬಂದಿದ್ದೇವೆ. ಇದು ಅದ್ಭುತದ ನೆಲವೂ ಹೌದು. ಈ ನೆಲವನ್ನು ವಸ್ತುವಾಗಿಸಿಕೊಂಡ ಯಾವ ಕೃತಿಗಳು ಅದ್ಭುತಪ್ರಿಯನಾದ ವಾಚಕನ ಕೈಗೆ ಇಂದು ಬಂದಿವೆ, ಅವುಗಳ ಬೇರು ಎಲ್ಲಿದೆ, ಕಾಲೇಜಿನ ತರಗತಿಯಲ್ಲಿ ಅವುಗಳನ್ನು ಹೇಗೆ ಓದಿಸಬಹುದು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ.

2

ಈ ಪ್ರದೇಶವನ್ನು ಕುರಿತ ಅದ್ಭುತಕಥೆಗಳಲ್ಲಿ ಇತ್ತೀಚೆಗೆ ಲೋಕದ ಗಮನವನ್ನು ಹೆಚ್ಚಾಗಿ ಸೆಳೆದುದು ಸಲ್ಮಾನ್ ರಶ್ದಿಯವರ ‘ವಿಕ್ಟರಿ ಸಿಟಿ’. ಈ ಇಂಗ್ಲಿಷ್ ಕಾದಂಬರಿಯು 2023ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಇದರ ನಾಯಕಿ ಪಂಪಾ ಕಂಪನ. ಒಂಬತ್ತು ವರ್ಷದ ಬಾಲಿಕೆಯಾಗಿದ್ದಾಗ ಇವಳ ತಾಯಿ, ಸೋತ ರಾಜ್ಯವೊಂದರ ಇತರ ಸ್ತ್ರೀಯರೊಡನೆ ಬೆಂಕಿಯನ್ನು ಹೊಗುತ್ತಾಳೆ. ಅನಾಥೆಯಾದ ಮಗುವಿನ ಬಾಯಿಂದ ದೇವಿಯು ನುಡಿಯುತ್ತಾಳೆ. 247 ವರ್ಷಗಳ ಆಯುಸ್ಸು ಅವಳಿಗೆ ದೊರೆಯುತ್ತದೆ. ಅವಳ ಮಾತಿನಂತೆ ಹುಕ್ಕ ಬುಕ್ಕರು ಒಂದು ಚೀಲ ಬೀಜವನ್ನು ಬಿತ್ತಲು ನಗರವೇ ಮೊಳೆತು ಮೇಲೇಳುತ್ತದೆ. ಹೀಗೆ ಹುಟ್ಟಿದ ಜನರಿಗೆ ಪೂರ್ವಸ್ಮೃತಿಯಿಲ್ಲ. ಒಬ್ಬೊಬ್ಬರ ಕಿವಿಯಲ್ಲಿಯೂ ಅವಳು ಅವರವರ ಕಥೆಯನ್ನು ಪಿಸುನುಡಿದು ತುಂಬುತ್ತಾಳೆ. ಕೊನೆಗೆ ತನ್ನ ನಗರದ ಕಥೆಯನ್ನು 24,000 ಶ್ಲೋಕಗಳ ಸಂಸ್ಕೃತ ಕಾವ್ಯವಾಗಿ ಬರೆದು ಗಡಿಗೆಯಲ್ಲಿಟ್ಟು ಹೂಳುತ್ತಾಳೆ. ಶ್ಲೋಕಗಳ ಈ ಸಂಖ್ಯೆಯು ವಾಲ್ಮೀಕಿ ರಾಮಾಯಣಕ್ಕೆ ಪರಂಪರೆಯು ಹೇಳುವ ಸಂಖ್ಯೆಯೇ ಆಗಿದೆ.

ಈ ಕಥೆಯಲ್ಲಿ ಕಲ್ಪನೆ ಎಷ್ಟು, ಆಧಾರ ಎಷ್ಟು ಎಂಬುದನ್ನು ಬಿಡಿಸಿ ನೋಡುವುದು ಉಚಿತ. ಕಾದಂಬರಿಯ ನಗರಕ್ಕೆ ‘ಬಿಸ್ನಗ’ ಎಂದು ಹೆಸರು. ಇದು ಪೋರ್ಚುಗೀಸರಾದ ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನ್ಯೂನಿಜ್ ಇವರ ಬರಹಗಳಲ್ಲಿ ವಿಜಯನಗರಕ್ಕೆ ಬಂದ ರೂಪ. ಇವರ ವೃತ್ತಾಂತಗಳ ಇಂಗ್ಲಿಷ್ ಅನುವಾದವನ್ನು ರಾಬರ್ಟ್ ಸಿವೆಲ್ ತಮ್ಮ 1900ರ ಗ್ರಂಥದಲ್ಲಿ ಸೇರಿಸಿದರು. ಕೃಷ್ಣದೇವರಾಯನು ಸಾಳುವ ತಿಮ್ಮರಸನ ಕಣ್ಣುಗಳನ್ನು ಕೀಳಿಸಿದನೆಂದು ಹೇಳುವವನು ನ್ಯೂನಿಜ್. ಕಾದಂಬರಿಯಲ್ಲಿ ಆ ಘೋರ ದಂಡನೆಯು ನಾಯಕಿಗೂ ಒದಗುತ್ತದೆ.

ನಾಯಕಿಯ ಕಲ್ಪನೆಗೂ ಒಂದು ಸಾದೃಶ್ಯ ಇತಿಹಾಸದಲ್ಲಿದೆ. ಬುಕ್ಕರಾಯನ ಮಗ ಕುಮಾರ ಕಂಪಣನ ರಾಣಿ ಗಂಗಾದೇವಿಯು ಗಂಡನ ದಕ್ಷಿಣದಿಗ್ವಿಜಯವನ್ನು ‘ಮಧುರಾವಿಜಯ’ವೆಂಬ ಸಂಸ್ಕೃತ ಕಾವ್ಯದಲ್ಲಿ ಹಾಡಿದಳು. ಅದರಲ್ಲಿ ದೇವಿಯೊಬ್ಬಳು ಪ್ರತ್ಯಕ್ಷಳಾಗಿ ಕಂಪಣನಿಗೆ ದಿವ್ಯಖಡ್ಗವನ್ನು ಕೊಡುತ್ತಾಳೆ. ಶತಮಾನಗಳ ಕಾಲ ಮರೆಯಾಗಿದ್ದ ಈ ಕಾವ್ಯದ ಹಸ್ತಪ್ರತಿಯು 20ನೆಯ ಶತಮಾನದ ಆರಂಭದಲ್ಲಿ ತಿರುವನಂತಪುರದಲ್ಲಿ ದೊರೆಯಿತು. ವಿಜಯನಗರದ ಕಥೆಯನ್ನು ಸಂಸ್ಕೃತದಲ್ಲಿ ಬರೆದ ಸ್ತ್ರೀ, ಕಳೆದುಹೋಗಿ ಮತ್ತೆ ಸಿಕ್ಕಿದ ಕಾವ್ಯ, ‘ಕಂಪಣ’ ಎಂಬ ಹೆಸರಿನ ದನಿ, ಈ ಮೂರನ್ನೂ ಬಲ್ಲ ವಾಚಕನಿಗೆ ಪಂಪಾ ಕಂಪನಳು ಅಪರಿಚಿತಳಾಗಿ ತೋರುವುದಿಲ್ಲ.

3

ಕಾದಂಬರಿಯ ಮೊದಲಿನ ಬೆಂಕಿಯು ಮಾತ್ರ ಕಟ್ಟುಕಥೆಯಲ್ಲ. ಇದರ ಜಾಡನ್ನು ಹಿಡಿದು ಹೋದರೆ ನಾವು ಕಂಪ್ಲಿಯ ಸೀಮೆಗೇ ಬರುತ್ತೇವೆ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯವು ಕಂಪಿಲರಾಯನ ರಾಜ್ಯವನ್ನು ನಾಶಮಾಡಿತು. ಸುಲ್ತಾನನ ವಿರುದ್ಧ ದಂಗೆಯೆದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯನು ಆಶ್ರಯವಿತ್ತುದೇ ಇದಕ್ಕೆ ಕಾರಣ. ಅಂತಃಪುರದ ಸ್ತ್ರೀಯರು ಬೆಂಕಿಗೆ ಬಿದ್ದುದನ್ನೂ, ರಾಯನು ಹೋರಾಡಿ ಮಡಿದುದನ್ನೂ, ಅವನ ಹನ್ನೊಂದು ಮಂದಿ ಮಕ್ಕಳು ಸೆರೆಸಿಕ್ಕಿದುದನ್ನೂ ಇಬ್ನ ಬತೂತನು ತನ್ನ ಪ್ರವಾಸಕಥನದಲ್ಲಿ ಹೇಳಿದ್ದಾನೆ. ಆತನು ಭಾರತಕ್ಕೆ ಬಂದುದು 1333ರಲ್ಲಿ. ಆದುದರಿಂದ ಇದು ಕಣ್ಣಾರೆ ಕಂಡ ಮಾತಲ್ಲ, ಘಟನೆ ನಡೆದ ಕೆಲವೇ ವರ್ಷಗಳಲ್ಲಿ ಕೇಳಿದ ಮಾತು.

ಇದೇ ವಿನಾಶವನ್ನು ಕನ್ನಡ ನಾಡು ಬೇರೊಂದು ಬಗೆಯಲ್ಲಿ ನೆನಪಿಟ್ಟುಕೊಂಡಿತು. ಕಂಪಿಲರಾಯನ ಮಗ ಕುಮಾರರಾಮನು ನಮ್ಮ ಸಾಂಗತ್ಯಕವಿಗಳ ನಾಯಕನಾದನು. ನಂಜುಂಡನ ‘ರಾಮನಾಥ ಚರಿತೆ’ಯು ಇವುಗಳಲ್ಲಿ ಪ್ರಸಿದ್ಧವಾದುದು. ಚೆಂಡಾಡುತ್ತಿದ್ದಾಗ ರಾಮನ ಚೆಂಡು ಮಲತಾಯಿ ರತ್ನಾಜಿಯ ಮನೆಯಲ್ಲಿ ಬೀಳುತ್ತದೆ. ಅದನ್ನು ತರಲು ಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ಒಲ್ಲದಿರಲು ಅವನ ಮೇಲೆಯೇ ದೋಷವನ್ನು ಹೊರಿಸುತ್ತಾಳೆ. ರಾಯನು ಮಗನ ತಲೆಯನ್ನು ತರಹೇಳುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ಅಡಗಿಸಿ, ಅವನನ್ನು ಹೋಲುವ ಬೇರೊಂದು ತಲೆಯನ್ನು ತೋರಿಸುತ್ತಾನೆ. ದಿಲ್ಲಿಯ ಸೈನ್ಯವು ಮುತ್ತಿದಾಗ, ಸತ್ತನೆಂದು ಎಲ್ಲರೂ ನಂಬಿದ್ದ ವೀರನು ಎದ್ದುಬಂದು ಕಾದುತ್ತಾನೆ. ಅವನನ್ನು ಗೆಲ್ಲಲೆಂದು ಸುಲ್ತಾನನು ಕಳುಹಿಸುವವಳು ಮಾತಂಗಿಯೆಂಬ ಸ್ತ್ರೀ. ‘ಪರದಾರಸೋದರ’ನೆಂಬ ಬಿರುದು ಈ ಕಥೆಯ ತಿರುಳನ್ನೇ ಹೇಳುತ್ತದೆ.

ಅದ್ಭುತಪ್ರಿಯನಾದ ಇಂದಿನ ವಾಚಕನು ಬಯಸುವುದೆಲ್ಲ ಇಲ್ಲಿದೆ: ಮುತ್ತಿಗೆಯ ಕೋಟೆ, ನೆಲಮಾಳಿಗೆಯ ಗುಟ್ಟು, ಸತ್ತು ಎದ್ದುಬಂದಂತೆ ತೋರುವ ನಾಯಕ, ಯೋಧೆಯಾದ ಪ್ರತಿನಾಯಕಿ, ಸೋತೂ ಗೆದ್ದ ಕೀರ್ತಿ. ಕುಮ್ಮಟದುರ್ಗವು ಗಂಗಾವತಿ ಸೀಮೆಯಲ್ಲಿ ಇಂದಿಗೂ ನೋಡಲು ಸಿಕ್ಕುತ್ತದೆ. ಮಲೆನಾಡಿನ ಕೆಲವು ಊರುಗಳಲ್ಲಿ ರಾಮನ ಮರದ ಮುಖಕ್ಕೆ ಪೂಜೆ ಸಲ್ಲುತ್ತದೆ. ಆದರೆ ವಿದ್ಯಾರ್ಥಿಯು ಈ ಕಾವ್ಯವನ್ನು ಕಾಣುವುದು ಸಾಹಿತ್ಯಚರಿತ್ರೆಯ ಪಾಠದಲ್ಲಿ, ಕವಿಯ ಕಾಲ ಮತ್ತು ಛಂದಸ್ಸಿನ ವಿಷಯವಾಗಿ. ಕಥೆಯಾಗಿ ಅದನ್ನು ಅವನ ಮುಂದಿಡುವ ಕೆಲಸ ಉಳಿದಿದೆ.

ಇಬ್ನ ಬತೂತನಲ್ಲಿ ಬೆಂಕಿಯಿದೆ, ಕುಮಾರರಾಮನಿಲ್ಲ. ನಂಜುಂಡನಲ್ಲಿ ಕುಮಾರರಾಮನು ಕಥೆಯನ್ನೆಲ್ಲ ತುಂಬಿಕೊಂಡಿದ್ದಾನೆ. ರಶ್ದಿಯವರಲ್ಲಿ ಆ ಬೆಂಕಿಯ ಬಳಿ ನಿಂತು ನೋಡಿದ ಹೆಣ್ಣುಮಗುವು ಕಥೆಯ ಒಡತಿಯಾಗಿದ್ದಾಳೆ. ಒಂದೇ ವಿನಾಶವು ಮೂರು ಕಾಲಗಳಲ್ಲಿ ಮೂರು ಸಾಕ್ಷಿಗಳನ್ನು ಆರಿಸಿಕೊಂಡಿತು. ಈ ಆಯ್ಕೆಯೇ ನಮ್ಮ ಅಧ್ಯಯನಕ್ಕೆ ತಕ್ಕ ವಿಷಯ.

4

ವಿಜಯನಗರದ ಸ್ಥಾಪನೆಯನ್ನು ಕುರಿತ ಹಳೆಯ ಐತಿಹ್ಯಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಬೇಟೆಯ ನಾಯಿಗಳ ಮೇಲೆ ಮೊಲವು ತಿರುಗಿಬಿದ್ದ ಕಥೆಯನ್ನು ನ್ಯೂನಿಜನೂ ಬಲ್ಲನು. ವಿದ್ಯಾರಣ್ಯರ ಪ್ರಾರ್ಥನೆಯಿಂದ ಹೊನ್ನಿನ ಮಳೆ ಕರೆಯಿತೆಂಬ ಕಥೆ ಇನ್ನೊಂದು. ಶುಭಮುಹೂರ್ತದ ಶಂಖಧ್ವನಿಗೆ ಕಾದಿದ್ದಾಗ ಭಿಕ್ಷುಕನೊಬ್ಬನ ಶಂಖವನ್ನು ಕೇಳಿ ಮುಹೂರ್ತವು ತಪ್ಪಿತೆಂಬುದು ಮತ್ತೊಂದು. ಇವು ಬರಿಯ ಚಮತ್ಕಾರಗಳಲ್ಲ; ಒಂದೊಂದೂ ಒಂದು ಪ್ರಶ್ನೆಗೆ ಉತ್ತರ. ನಗರವನ್ನು ಈ ಎಡೆಯಲ್ಲಿಯೇ ಏಕೆ ಕಟ್ಟಿದರು? ಮೊಲವು ಉತ್ತರ ಹೇಳುತ್ತದೆ. ಇಷ್ಟು ಸಂಪತ್ತು ಎಲ್ಲಿಂದ ಬಂದಿತು? ಹೊನ್ನಿನ ಮಳೆಯಿಂದ. ಅಂಥ ನಗರವು ಏಕೆ ಹಾಳಾಯಿತು? ಮುಹೂರ್ತವು ತಪ್ಪಿದುದರಿಂದ. ರಶ್ದಿಯವರ ಬೀಜಗಳು ನಾಲ್ಕನೆಯ ಪ್ರಶ್ನೆಯೊಂದನ್ನು ಎತ್ತುತ್ತವೆ: ಹೊಸದಾಗಿ ನೆರೆದ ಜನಕ್ಕೆ ಒಂದು ಸಮಾನವಾದ ಗತಕಾಲವು ಹೇಗೆ ಉಂಟಾಗುತ್ತದೆ? ಯಾರೋ ಕಿವಿಯಲ್ಲಿ ಹೇಳುವುದರಿಂದ ಎಂಬುದು ಅವರ ಉತ್ತರ. ಇದು ನಮ್ಮ ಕಾಲದ ಪ್ರಶ್ನೆ. ಹಂಪೆಯ ಗತಕಾಲವನ್ನು ಕುರಿತು ಅನೇಕರು ಅನೇಕ ವಿಧವಾಗಿ ಪಿಸುನುಡಿಯುತ್ತಿರುವಾಗ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಚರ್ಚಿಸಬೇಕು.

ನಗರದ ಅಂತ್ಯವೂ ಕಥೆಗಾರರನ್ನು ಸೆಳೆದಿದೆ. 1565ರ ಯುದ್ಧದ ಸುದ್ದಿ ಮುಟ್ಟಿದೊಡನೆ ರಾಜಬಂಧುಗಳು 550 ಆನೆಗಳ ಮೇಲೆ ನಿಕ್ಷೇಪವನ್ನು ಹೇರಿಕೊಂಡು ಹೊರಟರೆಂದು ಸಿವೆಲ್ ಬರೆದಿದ್ದಾರೆ. ಕೃಷಿವಿಜ್ಞಾನಿಗಳೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರ ‘ಕರಿಸಿರಿಯಾನ’ವು ವಿಜಯನಗರದ ಈ ಸಂಪತ್ತಿನ ಜಾಡನ್ನು ಹಿಡಿದ ಕೃತಿ, ಹೆಸರೇ ಆನೆಗಳ ಮೇಲಣ ಸಿರಿಯ ಪಯಣವನ್ನು ಸೂಚಿಸುತ್ತದೆ. ಕಥೆಯ ನಡುವೆ ಗ್ರಂಥಾಧಾರಗಳನ್ನೂ ಚಿತ್ರಗಳನ್ನೂ ಒದಗಿಸುವುದು ಇವರ ಬರವಣಿಗೆಯ ವಿಶೇಷ. ಇದರಿಂದ ವಾಚಕನಿಗೆ ಶೋಧನೆಯ ಸಂತೋಷ ದೊರೆಯುತ್ತದೆ. ಆಧಾರವು ಎಲ್ಲಿ ನಿಂತಿತು, ಊಹೆಯು ಎಲ್ಲಿ ಹೊರಟಿತು ಎಂದು ನೋಡುವ ಹೊಣೆಯೂ ಅವನ ಮೇಲೆ ಬೀಳುತ್ತದೆ.

ಈ ಹೊಣೆಯು ಅಲ್ಪವಾದುದಲ್ಲ. ನಿಧಿಯ ಐತಿಹ್ಯವನ್ನು ಅಕ್ಷರಶಃ ನಂಬುವವರು ಯಾವ ಪುಸ್ತಕವನ್ನೂ ಓದದೆಯೇ ಗುಡಿಗೋಪುರಗಳನ್ನು ಅಗೆಯುತ್ತ ಬಂದಿದ್ದಾರೆ. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಯಿಂದ ಕೆಡವಿದರು. ಭಕ್ತರು ಒಡನೆಯೇ ಅದನ್ನು ಮತ್ತೆ ಕಟ್ಟಿದರು. ಕಥೆಯನ್ನು ಕಥೆಯೆಂದು ಸವಿಯಲು ಕಲಿತವನು ಕಲ್ಲನ್ನು ಕೀಳಲಾರನು. ಅದ್ಭುತವನ್ನು ಓದುವ ಶಿಕ್ಷಣಕ್ಕೆ ಈ ನೆಲದಲ್ಲಿ ಇಂಥದೊಂದು ಲೌಕಿಕ ಪ್ರಯೋಜನವೂ ಉಂಟು.

5

ವಿಜ್ಞಾನಕಥೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಕನ್ನಡದಲ್ಲಿ ಈ ಪ್ರಕಾರಕ್ಕೆ ನೆಲೆಯನ್ನು ಕಲ್ಪಿಸಿದವರಲ್ಲಿ ರಾಜಶೇಖರ ಭೂಸನೂರಮಠರು ಪ್ರಮುಖರು. ಬಾಳ ಫೋಂಡಕೆಯವರು ಸಂಪಾದಿಸಿದ, 1993ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನಕಥೆಗಳ ಸಂಕಲನದಲ್ಲಿ ಇವರ ಮತ್ತು ಸಂಜಯ ಹಾವನೂರರ ಕಥೆಗಳು ಸೇರಿವೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯೊಂದರ ಶೋಧವನ್ನು ವಿಸ್ಮಯದ ಅಂಚಿಗೆ ಒಯ್ಯುತ್ತದೆ. ಎಸ್. ಎಲ್. ಭೈರಪ್ಪನವರ ‘ಯಾನ’ (2014) ಸೌರವ್ಯೂಹವನ್ನು ದಾಟುವ ಮಾನವರ ನೈತಿಕ ಸಂಕಟವನ್ನು ನಿರೂಪಿಸುತ್ತದೆ.

ನಮ್ಮ ಪ್ರದೇಶವು ಇಂಥ ಕಥೆಗೆ ವಸ್ತುವನ್ನು ಕೊಡಲಾರದೆ? ಸಂಡೂರಿನ ಬೆಟ್ಟಗಳನ್ನು ನೋಡಬೇಕು. ಸ್ಥಳಪುರಾಣವು ಇವುಗಳನ್ನು ಲೋಹಾಚಲವೆಂದು ಕರೆದು, ತಾರಕಾಸುರನನ್ನು ಕೊಂದ ಕುಮಾರಸ್ವಾಮಿಯನ್ನು ಇಲ್ಲಿ ನೆಲೆಗೊಳಿಸಿದೆ. ಭೂವಿಜ್ಞಾನವು ಇವೇ ಬೆಟ್ಟಗಳ ಕಬ್ಬಿಣದ ಪಟ್ಟೆಶಿಲೆಗಳಿಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸನ್ನು ಹೇಳುತ್ತದೆ. ಪುರಾಣವೂ ಶಾಸ್ತ್ರವೂ ಒಂದೇ ಲೋಹವನ್ನು ಕುರಿತು ಮಾತನಾಡುತ್ತಿವೆ. ಅದಿರನ್ನು ಅಗೆದು ಹಡಗಿಗೆ ತುಂಬಿದ ಕಾಲವೊಂದನ್ನು ಇಲ್ಲಿಯ ಜನ ಕಂಡಿದ್ದಾರೆ. ಬೆಟ್ಟವಿಲ್ಲದ ಬೆಟ್ಟದೇವರ ಕಥೆಯನ್ನು ಬರೆಯಬಲ್ಲವನು ಸಂಡೂರಿನ ತರಗತಿಯೊಂದರಲ್ಲಿಯೇ ಕುಳಿತಿರಬಹುದು.

6

ಮೇಲಿನ ವಿಚಾರಗಳಿಂದ ಬೋಧನೆಗೆ ಸಂಬಂಧಿಸಿದ ಒಂದು ಕ್ರಮವನ್ನು ಸೂಚಿಸಲು ಬಯಸುತ್ತೇವೆ. ಅದ್ಭುತಕಥೆಯನ್ನು ಜೋಡಿಯಾಗಿ ಓದಿಸಬೇಕು. ‘ವಿಕ್ಟರಿ ಸಿಟಿ’ಯನ್ನು ಓದಿದ ವಿದ್ಯಾರ್ಥಿಯ ಕೈಗೆ ‘ಮಧುರಾವಿಜಯ’ದ ಕೆಲವು ಸರ್ಗಗಳನ್ನೂ ಕುಮಾರರಾಮನ ಸಾಂಗತ್ಯದ ಕೆಲವು ಸಂಧಿಗಳನ್ನೂ ಕೊಡಬೇಕು. ‘ಕರಿಸಿರಿಯಾನ’ದ ಜೊತೆಗೆ ಪಾಯೆಸ್ ಮತ್ತು ನ್ಯೂನಿಜರ ವೃತ್ತಾಂತಗಳಿರಬೇಕು. ಸಂಡೂರಿನ ಸ್ಥಳಪುರಾಣವನ್ನು ಕೇಳಿದವನು ಅಲ್ಲಿಯ ಶಿಲೆಗಳ ವಿವರಣೆಯನ್ನೂ ಓದಬೇಕು. ಬಳಿಕ ಮೂರು ಪ್ರಶ್ನೆಗಳನ್ನು ಕೇಳಬೇಕು: ಈ ಕಥೆಯಲ್ಲಿ ಅಸಾಧ್ಯವಾದುದು ಯಾವುದು? ಆ ಅಸಾಧ್ಯವು ಯಾವ ಪ್ರಶ್ನೆಗೆ ಉತ್ತರವಾಗಿ ಬಂದಿದೆ? ಅದನ್ನು ತೆಗೆದುಹಾಕಿದರೆ ಇತಿಹಾಸವಾಗಿ ಉಳಿಯುವುದು ಎಷ್ಟು?

ಇದರಿಂದ ಕಥೆಯ ಸವಿ ಕೆಡುವುದೆಂಬ ಶಂಕೆಗೆ ಎಡೆಯಿಲ್ಲ. ಗಾರುಡಿಗನ ಕೈಚಳಕವನ್ನು ಬಲ್ಲವನೇ ಅವನ ಆಟವನ್ನು ಹೆಚ್ಚು ಮೆಚ್ಚುವನು. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಹಂಪೆಯ ನೆರೆಯಲ್ಲಿಯೇ ಇದೆ. ಅದರ ಮೊದಲ ಕುಲಪತಿಗಳಾದ ಚಂದ್ರಶೇಖರ ಕಂಬಾರರು ಜಾನಪದದ ಅದ್ಭುತವನ್ನೇ ‘ಚಕೋರಿ’ಯಂಥ ಆಧುನಿಕ ಕಾವ್ಯವಾಗಿ ಕಟ್ಟಿದವರು. ಹಳೆಯ ಅದ್ಭುತವು ಹೊಸ ವಾಚಕನಿಗೆ ಸಲ್ಲುವಂತೆ ಮಾಡಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಕಂಪ್ಲಿಯ ವಿದ್ಯಾರ್ಥಿಯು ತನ್ನ ಊರಿನ ಬೆಂಕಿಯ ಸುದ್ದಿಯನ್ನು ಲಂಡನ್ನಿನ ಪುಸ್ತಕದಿಂದ ಮೊದಲ ಸಲ ತಿಳಿದರೆ ಅದರಲ್ಲಿ ಅವನ ದೋಷವೇನೂ ಇಲ್ಲ. ಆ ಪುಸ್ತಕವನ್ನು ಮುಚ್ಚಿದ ಮೇಲೆ ಅವನು ಕೇಳುವ ಮುಂದಿನ ಪುಸ್ತಕವನ್ನು ನಮ್ಮ ಗ್ರಂಥಾಲಯಗಳು ಸಿದ್ಧವಾಗಿಟ್ಟಿರಬೇಕು. ಅದು ಅಧ್ಯಾಪಕರಾದ ನಮ್ಮ ಕರ್ತವ್ಯ.