‘ಅನ್‌ಲಿಮಿಟೆಡ್’ ಇಂಟರ್ನೆಟ್‌ಗೆ 24ನೇ ದಿನ ಉಸಿರು ಕಟ್ಟಿತು!

ಶಿವಮೊಗ್ಗ: ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿಯೊಬ್ಬರು ಮೊನ್ನೆ 20ನೇ ತಾರೀಖು ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕಂಪ್ಯೂಟರ್ ಮುಂದೆ ಕೂತರು. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಅದೇ ಕಡೇ ದಿನ. 2017ರಲ್ಲಿ ಈ ತೆರಿಗೆ ಬಂದಂದಿನಿಂದ ಒಂದು ದಿನವೂ ತಡ ಮಾಡಿದ ಆಸಾಮಿ ಅಲ್ಲ. ಅದೇ ಅವರ ಜಂಬ.

ಪೋರ್ಟಲ್ ತೆರೆಯಲಿಲ್ಲ. ಪರದೆಯ ಮೇಲೆ ಚಕ್ರ ಸುತ್ತಿತು. ಗಿರಾಕಿಯೊಬ್ಬರು ಬಂದು ಹತ್ತು ಸೀರೆ ಬಿಚ್ಚಿಸಿ, ಯಾವುದೂ ಬೇಡವೆಂದು ಎದ್ದು ಹೋದರೂ ಚಕ್ರ ಸುತ್ತುತ್ತಲೇ ಇತ್ತು. 20ನೇ ತಾರೀಖು ಆ ಪೋರ್ಟಲ್ ತಾನೇ ಏದುಸಿರು ಬಿಡುವುದುಂಟು, ಒಪ್ಪೋಣ. ಆದರೆ ಅವತ್ತು ಪೇಪರ್ ಓದೋಣವೆಂದರೆ ಅದೂ ತೆರೆಯಲಿಲ್ಲ.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರು.

‘ಲೈನ್ ಸರಿಯಾಗಿದೆ ಸಾರ್. ನಿಮ್ಮ ಡೇಟಾ ಮುಗಿದಿದೆ.’

‘ಮುಗಿಯೋದು ಅಂದ್ರೇನ್ರೀ? ಅನ್‌ಲಿಮಿಟೆಡ್ ಅಂತ ತಾನೇ ದುಡ್ಡು ತಗೊಂಡಿದ್ದು?’

‘ಅನ್‌ಲಿಮಿಟೆಡ್ಡೇ ಸಾರ್. ಇಂಟರ್ನೆಟ್ ನಿಂತಿಲ್ಲವಲ್ಲ, ಸ್ಪೀಡ್ ಮಾತ್ರ ಕಮ್ಮಿಯಾಗಿದೆ.’

ಈ ಉತ್ತರದಲ್ಲಿ ಸುಳ್ಳಿಲ್ಲ ನೋಡಿ, ತೊಂದರೆ ಇರೋದೇ ಅಲ್ಲಿ. ಅವರ ಹತ್ತಿರವಿದ್ದ ಜಾಹೀರಾತಿನ ಚೀಟಿ ತರಿಸಿ ನೋಡಿದೆ. ‘100 ಎಂಬಿಪಿಎಸ್’, ‘ಅನ್‌ಲಿಮಿಟೆಡ್’ ಎಂಬೆರಡು ಮಾತುಗಳು ಸಿನಿಮಾ ಪೋಸ್ಟರಿನ ಅಕ್ಷರದಲ್ಲಿವೆ. ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಅದೇ ನಕ್ಷತ್ರವನ್ನು ಚೀಟಿಯ ಬುಡದಲ್ಲಿ ಹುಡುಕಿದರೆ ಇರುವೆ ಸಾಲಿನಂಥ ಅಕ್ಷರ: 1000 ಜಿಬಿ ತನಕ ಆ ವೇಗ, ಆಮೇಲೆ 512 ಕೆಬಿಪಿಎಸ್, ಫೇರ್ ಯೂಸೇಜ್ ಪಾಲಿಸಿ ಅನ್ವಯ. ಅಂದರೆ ನ್ಯಾಯವಾದ ಬಳಕೆಯ ನೀತಿಯಂತೆ. ಯಾರ ನ್ಯಾಯವೋ! ಬೆಲೆ 499 ಎಂದಿದ್ದದ್ದು ಶೇ. 18 ತೆರಿಗೆ ಸೇರಿ 589 ಆಗುವುದೂ ಆ ಸಾಲಿನಲ್ಲೇ ಇದೆ.

ಸಾಗರಕ್ಕೆ ಹೋಗುವ ಬಸ್ಸಿಗೆ ‘ಎಕ್ಸ್‌ಪ್ರೆಸ್’ ಬೋರ್ಡು ಹಾಕಿ, ಆಯನೂರು, ಕುಂಸಿ ದಾಟುವವರೆಗೆ ಗಾಳಿಯ ಹಾಗೆ ಓಡಿಸಿ, ಆನಂದಪುರದಿಂದಾಚೆ ಎತ್ತಿನ ಗಾಡಿಯ ನಡಿಗೆಯಲ್ಲಿ ಬಿಟ್ಟರೆ ಹೇಗಿರುತ್ತೆ? ಬಸ್ಸೇನೂ ನಿಂತಿಲ್ಲವಲ್ಲ ಸ್ವಾಮಿ ಎಂದು ಕಂಡಕ್ಟರ್ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ?

ವೇಗ ಹೆಚ್ಚಿತು ಎಂದರೆ ನಲ್ಲಿ ದೊಡ್ಡದಾಯಿತು ಎಂದಷ್ಟೇ ಅರ್ಥ. ತೊಟ್ಟಿ ದೊಡ್ಡದಾಗಿರಲೇಬೇಕೆಂದಿಲ್ಲ. ನಮ್ಮ ವ್ಯಾಪಾರಿಗೆ ಮೊದಲು 40 ಎಂಬಿಪಿಎಸ್ ಇತ್ತು, ನೂರು ರೂಪಾಯಿ ಹೆಚ್ಚು ಕೊಟ್ಟು 100 ಮಾಡಿಸಿಕೊಂಡರು. ಮಿತಿ ಆಗಲೂ 1000 ಜಿಬಿ, ಈಗಲೂ 1000 ಜಿಬಿ. ನಲ್ಲಿ ಪೂರ್ತಿ ತಿರುಗಿಸಿಟ್ಟರೆ 40ರ ವೇಗದಲ್ಲಿ ತೊಟ್ಟಿ ಬರಿದಾಗಲು 55 ಗಂಟೆ ಬೇಕಿತ್ತು, 100ರ ವೇಗದಲ್ಲಿ 22 ಗಂಟೆ ಸಾಕು. ಇನ್ನೊಂದು ವಿಷಯ: ಆ ನೂರು ‘ಬಿಟ್’ಗಳ ಲೆಕ್ಕ, ಮಿತಿ ‘ಬೈಟ್’ಗಳ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ ಬರುವುದು ಹನ್ನೆರಡೂವರೆ ಎಂಬಿ ಮಾತ್ರ. ತಕ್ಕಡಿ ಒಂದು ಕಡೆ ಸೇರು, ಇನ್ನೊಂದು ಕಡೆ ಕಿಲೋ.

ಸಾಮಾನ್ಯ ಸಂಸಾರಕ್ಕೆ 1000 ಜಿಬಿ ಕಮ್ಮಿಯೇನಲ್ಲ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಎಚ್‌ಡಿ ಚಿತ್ರಕ್ಕೆ ಗಂಟೆಗೆ ಹೆಚ್ಚೆಂದರೆ 3 ಜಿಬಿ ಹೋಗುತ್ತೆ. ದಿನಕ್ಕೆ 11 ಗಂಟೆ ಟಿವಿ ಮುಂದೆ ಕೂತರೆ ತಿಂಗಳಿಗೆ ಮುಗಿದೀತು. ಕೆಲವು ದೊಡ್ಡ ಕಂಪನಿಗಳ ಮಿತಿ 3300 ಜಿಬಿ. ಅಷ್ಟು ಮುಗಿಸಲು ಒಂದು ಟಿವಿಗೆ ತಿಂಗಳೇ ಸಾಲದು. ಆದರೆ 4ಕೆ ಎಂಬ ದೊಡ್ಡ ಚಿತ್ರವಾದರೆ ಗಂಟೆಗೆ 7 ಜಿಬಿ ತನಕ ನುಂಗುತ್ತೆ, ಆಗ ದಿನಕ್ಕೆ ಐದು ಗಂಟೆ ಸಾಕು 1000 ಮುಗಿಸಲು.

ಹಾಗಾದರೆ ಬಟ್ಟೆ ಅಂಗಡಿಯಲ್ಲಿ ಯಾರು ಸಿನಿಮಾ ನೋಡಿದರು? ಯಾರೂ ಇಲ್ಲ. ಕಳ್ಳ ಗೋಡೆಯ ಮೇಲಿದ್ದ!

ಪಕ್ಕದ ಅಂಗಡಿಯಲ್ಲಿ ಬೀಗ ಮುರಿದ ಮೇಲೆ ಇವರು ಹೋದ ತಿಂಗಳು ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿದರು. ಅಂಗಡಿಯ ಪೆಟ್ಟಿಗೆಯಲ್ಲಿ ರೆಕಾರ್ಡ್ ಆಗುವ ಹಳೇ ಪದ್ಧತಿಯವಲ್ಲ, ಹಗಲೂ ರಾತ್ರಿ ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಕಳಿಸುವ ‘ಕ್ಲೌಡ್’ ಕ್ಯಾಮೆರಾಗಳು. ಒಂದೊಂದು ಸೆಕೆಂಡಿಗೆ ಒಂದು ಮೆಗಾಬಿಟ್ ಕಳಿಸಿದರೂ ನಾಲ್ಕರಿಂದ ದಿನಕ್ಕೆ 43 ಜಿಬಿ. ಕಳಿಸಿದ್ದಕ್ಕೂ ಲೆಕ್ಕ ಹಿಡಿಯುವ ಪ್ಲಾನ್ ಇವರದು. 27ಕ್ಕೆ ರೀಚಾರ್ಜ್ ಮಾಡಿಸಿದ್ದರು. ಬೆರಳು ಮಡಚಿ ಎಣಿಸಿ, 24ನೇ ದಿನಕ್ಕೆ ಸಾವಿರ ಜಿಬಿ ಚುಕ್ತಾ. ಆ ದಿನವೇ 20ನೇ ತಾರೀಖು.

ಆಮೇಲೆ ಉಳಿದದ್ದು 512ರ ಕಾಲುದಾರಿ. ಅದರಲ್ಲೂ ನಾಲ್ಕು ಕ್ಯಾಮೆರಾಗಳು ಅಡ್ಡ ನಿಂತಿವೆ. ರಿಟರ್ನ್ ಹೋಗುವುದಾದರೂ ಹೇಗೆ? ಮರುದಿನ ದುರ್ಗಿಗುಡಿಯ ಲೆಕ್ಕಿಗರ ಆಫೀಸಿಗೆ ಹೋಗಿ ಸಲ್ಲಿಸಿ ಬಂದರು. ಒಂದು ದಿನದ ತಡಕ್ಕೆ 50 ರೂಪಾಯಿ ದಂಡ, ತೆರಿಗೆಯ ಮೇಲೆ ಒಂದು ದಿನದ ಬಡ್ಡಿ. ‘ದುಡ್ಡಿನ ಮಾತಲ್ಲ ಇವ್ರೇ, ದಾಖಲೆಯಲ್ಲಿ ಕಪ್ಪುಚುಕ್ಕೆ ಬಂತಲ್ಲ’ ಎಂದು ಅವರು ಹೇಳುವಾಗ ದನಿ ಸಣ್ಣಗಾಗಿತ್ತು.

ಇನ್ನು ಸರ್ಕಾರದ ಸಂಗತಿ. 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಆದರೆ ಮಿತಿ ಮುಗಿದ ಮೇಲೆ ತಂತಿಯ ಇಂಟರ್ನೆಟ್ಟಿಗೆ ಕನಿಷ್ಠ ವೇಗ ಎಷ್ಟಿರಬೇಕೆಂದು ದೂರಸಂಪರ್ಕ ಪ್ರಾಧಿಕಾರ ಟ್ರಾಯ್ 2016ರಲ್ಲಿ ಹೇಳಿದ್ದು 512! ಅಂದಮೇಲೆ ನಮ್ಮ ವ್ಯಾಪಾರಿ ತಿಂಗಳ ಕೊನೆಯ ವಾರ ಬ್ರಾಡ್‌ಬ್ಯಾಂಡ್ ಹೆಸರಿಗೆ ದುಡ್ಡು ತೆತ್ತು ಪಡೆದದ್ದು ಸರ್ಕಾರದ ಲೆಕ್ಕದಲ್ಲೇ ಬ್ರಾಡ್‌ಬ್ಯಾಂಡ್ ಅಲ್ಲ. ಇದಕ್ಕೆ ಯಾವ ಇಲಾಖೆಯವರು ಉತ್ತರ ಕೊಡುತ್ತಾರೋ ಕಾಯೋಣ.

ಈಗ ಕನೆಕ್ಷನ್ ತಗೊಳ್ಳುವವರು ಏಜೆಂಟನನ್ನು ಕೂರಿಸಿ ಕೇಳಿ: ಎಷ್ಟು ಜಿಬಿ ತನಕ ಈ ವೇಗ, ಆಮೇಲೆ ಎಷ್ಟು, ಕಳಿಸಿದ್ದೂ ಲೆಕ್ಕವೋ ಇಲ್ಲವೋ. ಬಾಯಿಮಾತು ಬೇಡ, ಬರೆಸಿಕೊಳ್ಳಿ. ಕ್ಯಾಮೆರಾ ಇರುವವರು ರೆಕಾರ್ಡಿಂಗ್ ಅಂಗಡಿಯ ಪೆಟ್ಟಿಗೆಯಲ್ಲೇ ಆಗುವಂತೆ ಮಾಡಿಸಿ. ಮೊಬೈಲಿನಲ್ಲಿ ನೋಡಿದಾಗಷ್ಟೇ ಡೇಟಾ ಹೋಗುತ್ತೆ. ದೂರು ಕೊಟ್ಟರೆ ದೂರಿನ ನಂಬರ್ ಕೇಳಿ ಪಡೆಯಿರಿ. ಅಲ್ಲಿ ಕೆಲಸವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು.

ಬಳಕೆ ಅರ್ಧ ಆದಾಗ, ಮತ್ತೆ ಶೇ. 90 ಆದಾಗ ಗ್ರಾಹಕನಿಗೆ ತಿಳಿಸಬೇಕೆಂದೂ 2016ರ ಆ ಆದೇಶದಲ್ಲಿತ್ತು. ‘ನಿಮಗೆ ಮೆಸೇಜ್ ಬರಲಿಲ್ಲವೇ?’ ಎಂದು ಕೇಳಿದೆ. ಬಂದಿಲ್ಲ ಎಂದರು. ಕಂಪನಿಯವರು ಕಳಿಸಿದ್ದೇವೆ ಎನ್ನುತ್ತಾರೆ. ವಿಚಾರಿಸಿದರೆ, ಎರಡು ವರ್ಷದ ಹಿಂದೆ ಫಾರಂ ತುಂಬಿದವನು ಅಂಗಡಿಯ ಹುಡುಗ. ಬರೆಸಿದ್ದು ಅವನದೇ ಮೊಬೈಲ್ ನಂಬರ್. ಅವನು ಕೆಲಸ ಬಿಟ್ಟು ಬೆಂಗಳೂರು ಸೇರಿ ವರ್ಷವಾಗುತ್ತಾ ಬಂತು.

ನನ್ನೆದುರಿಗೇ ಅವನಿಗೆ ಫೋನ್ ಹಚ್ಚಿದರು. ‘ಹೌದು ಯಜಮಾನ್ರೇ, ಎರಡು ಮೆಸೇಜ್ ಬಂದಿತ್ತು. ಸಾಲ ಕೊಡೋ ಕಂಪನಿಯೋರ ಕಾಟ ಅಂತ ಅಳಿಸಿಬಿಟ್ಟೆ’ ಎಂದ ಹುಡುಗ.