ಎಲ್ವಿಸ್‌ಗೂ ಸಿಗದ ಅರ್ಧ ಪಾಲು

ಕಂಟ್ರಿ ಸಂಗೀತದ ಗಾಯಕಿ ಡಾಲಿ ಪಾರ್ಟನ್ ಹುಟ್ಟಿದಾಗ ಹೆರಿಗೆ ಮಾಡಿಸಿದ ವೈದ್ಯರಿಗೆ ಅಪ್ಪ ಕೊಟ್ಟ ಫೀಸು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. 1946ರ ಜನವರಿ, ಅಮೆರಿಕದ ಟೆನೆಸಿ ರಾಜ್ಯದ ಸ್ಮೋಕಿ ಬೆಟ್ಟಗಳ ಸೆರಗಿನ ಸೆವಿಯರ್ ಕೌಂಟಿ. ಒಂದೇ ಕೋಣೆಯ ಮರದ ಮನೆ. ಹನ್ನೆರಡು ಮಕ್ಕಳಲ್ಲಿ ಡಾಲಿ ನಾಲ್ಕನೆಯವರು. ಗೇಣಿಗೆ ಜಮೀನು ಮಾಡುತ್ತಿದ್ದ ಅಪ್ಪನಿಗೆ ಓದು ಬರಹ ಗೊತ್ತಿರಲಿಲ್ಲ. ಆದರೂ ವ್ಯವಹಾರದ ಚುರುಕು ತನಗೆ ಬಂದದ್ದು ಆತನಿಂದಲೇ ಎಂದು ಮಗಳು ಹೇಳಿಕೊಂಡಿದ್ದಾರೆ. ಹಾಡು ಬಂದದ್ದು ಅಮ್ಮನ ತವರಿನಿಂದ.

ಹತ್ತರ ವಯಸ್ಸಿಗೇ ನಾಕ್ಸ್‌ವಿಲ್‌ನ ರೇಡಿಯೊ, ಟಿವಿಯಲ್ಲಿ ಹಾಡುತ್ತಿದ್ದ ಹುಡುಗಿ 1964ರಲ್ಲಿ ಹೈಸ್ಕೂಲು ಮುಗಿಸಿದ ಮರುದಿನವೇ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನ ಬಸ್ಸು ಹತ್ತಿದಳು. ಬಡತನದಲ್ಲಿ ಹುಟ್ಟಿ, ಹೆಸರು ಮಾಡಿ, ಕೊನೆಗೆ ಬರಿಗೈಯಾದ ಗಾಯಕರ ಕಥೆಗಳಿಗೆ ಕಂಟ್ರಿ ಸಂಗೀತದಲ್ಲೇನೂ ಬರವಿಲ್ಲ. ಡಾಲಿಯನ್ನು ಆ ಸಾಲಿನಿಂದ ಆಚೆ ತಂದದ್ದು ಕಾಗದಪತ್ರ ಎಂಬುದು ನನ್ನ ಲೆಕ್ಕ. ಇನ್ನೂ ಹೆಸರು ಬರುವ ಮುನ್ನವೇ ಸೋದರಮಾವ ಬಿಲ್ ಓವೆನ್ಸ್ ಜೊತೆ ಸೇರಿ ತಮ್ಮ ಹಾಡುಗಳಿಗೆ ತಮ್ಮದೇ ಪ್ರಕಾಶನ ಕಂಪನಿ ಮಾಡಿಕೊಂಡಿದ್ದರು.

ಅಮೆರಿಕದ ರೇಡಿಯೊದಲ್ಲಿ ಹಾಡು ಬಂದರೆ ಹಾಡಿದವರಿಗೆ ಕಾಸು ಹುಟ್ಟುವುದಿಲ್ಲ. ರಾಯಲ್ಟಿ ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಇಬ್ಬರೂ ಒಬ್ಬರೇ ಆಗಿದ್ದರೆ ಎರಡು ಪಾಲೂ ಮನೆಗೇ. (ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಬಿಟ್ಟುಕೊಡುವಂತೆಯೇ ಇಲ್ಲ ಎಂಬ ಕಾನೂನು ನಮ್ಮ ದೇಶದಲ್ಲಿ ಬಂದದ್ದು 2012ರಲ್ಲಿ.)

ಪರೀಕ್ಷೆ ಎದುರಾದದ್ದು 'ಐ ವಿಲ್ ಆಲ್ವೇಸ್ ಲವ್ ಯು' ಹಾಡಿನಲ್ಲಿ. ಏಳು ವರ್ಷ ತನ್ನನ್ನು ಟಿವಿ ಕಾರ್ಯಕ್ರಮದಲ್ಲಿ ಬೆಳೆಸಿದ ಪೋರ್ಟರ್ ವ್ಯಾಗನರ್ ಅವರನ್ನು ಬಿಟ್ಟು ಹೊರಡುವಾಗ ಡಾಲಿ ಬರೆದ ಬೀಳ್ಕೊಡುಗೆ ಅದು. 1974ರಲ್ಲಿ ಕಂಟ್ರಿ ಪಟ್ಟಿಯ ತುದಿಗೇರಿತು. ಎಲ್ವಿಸ್ ಪ್ರೀಸ್ಲಿ ಹಾಡಲು ಮುಂದೆ ಬಂದರು. ಅಷ್ಟರಲ್ಲಿ ಅವರ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಷರತ್ತು ಹಾಕಿದರು: ಪ್ರಕಾಶನದ ಹಕ್ಕಿನಲ್ಲಿ ಅರ್ಧ ಕೊಡಬೇಕು. ಎಲ್ವಿಸ್ ಹಾಡಿದರೆ ಸಾಕು ಎಂದು ಎಷ್ಟೋ ಮಂದಿ ಸಹಿ ಹಾಕುತ್ತಿದ್ದ ಕಾಲ. ಡಾಲಿ ಒಲ್ಲೆ ಎಂದರು. ಆ ರಾತ್ರಿ ಅತ್ತದ್ದನ್ನೂ ಮುಚ್ಚಿಟ್ಟಿಲ್ಲ.

ಹದಿನೆಂಟು ವರ್ಷ ಕಳೆಯಿತು. 1992ರಲ್ಲಿ 'ದಿ ಬಾಡಿಗಾರ್ಡ್' ಸಿನಿಮಾಕ್ಕೆ ವಿಟ್ನಿ ಹ್ಯೂಸ್ಟನ್ ಅದನ್ನೇ ಹಾಡಿದರು. ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ರಾಯಲ್ಟಿಯಲ್ಲಿ ಪಾಲು ಕೇಳಲು ಪಾರ್ಕರ್ ಕಡೆಯವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಡಾಲಿ ಊರಿಗೂ ಮರಳಿದ್ದರು, ಬಂಡವಾಳ ಹಿಡಿದು. ಪಿಜನ್ ಫೋರ್ಜ್‌ನಲ್ಲಿ 1961ರಲ್ಲಿ ಉಗಿಬಂಡಿಯ ಸವಾರಿಯಾಗಿ ಶುರುವಾದ ಪಾರ್ಕೊಂದಿತ್ತು. ಹೊಸದಾಗಿ ಕಟ್ಟುವ ಬದಲು ಅದನ್ನು ನಡೆಸುತ್ತಿದ್ದವರ ಜೊತೆ ಪಾಲುದಾರರಾದರು. 1986ರಲ್ಲಿ ಅದು ಡಾಲಿವುಡ್ ಆಯಿತು. ಅಲ್ಲಿ ಬಾಲ್ಯದ ಮರದ ಮನೆಯ ಪ್ರತಿಕೃತಿಯೂ ಇದೆ. ತನ್ನ ಬಡತನಕ್ಕೂ ಟಿಕೆಟ್ ಇಟ್ಟರು ಎಂದು ಮೂಗು ಮುರಿಯಬಹುದು. ಆದರೆ ಬೆಟ್ಟದ ಆ ಬಡ ಸೀಮೆಯಲ್ಲಿ ಸಾವಿರಾರು ಜನರಿಗೆ ಸಂಬಳ ಹುಟ್ಟಿದ್ದು ಅದೇ ಪಾರ್ಕಿನಿಂದ. 1995ರಲ್ಲಿ ಸೆವಿಯರ್ ಕೌಂಟಿಯ ಪುಟ್ಟ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಕಳಿಸತೊಡಗಿದರು. ಅದು ಹಲವು ದೇಶಗಳಿಗೆ ಹರಡಿ, 2023ರ ಹೊತ್ತಿಗೆ 20 ಕೋಟಿ ಪುಸ್ತಕ ದಾಟಿತು.

ಎಲ್ಲವೂ ಚೊಕ್ಕಟವಾಗಿತ್ತೆಂದಲ್ಲ. 1988ರಲ್ಲಿ ತೆರೆದ 'ಡಿಕ್ಸಿ ಸ್ಟಾಂಪೀಡ್' ಎಂಬ ಊಟದ ಜೊತೆಗಿನ ಪ್ರದರ್ಶನ, ಅಮೆರಿಕದ ಅಂತರ್ಯುದ್ಧವನ್ನು ಗುಲಾಮಗಿರಿಯ ಸುದ್ದಿಯೇ ಇಲ್ಲದ ಆಟವಾಗಿಸಿತ್ತು. ಟೀಕೆ ಬಂದ ಮೇಲೆ 2018ರಲ್ಲಿ ಹೆಸರಿನಿಂದ 'ಡಿಕ್ಸಿ' (ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳ ಅಡ್ಡಹೆಸರು) ತೆಗೆದರು. ಪ್ರದರ್ಶನ ಇಂದಿಗೂ ನಡೆಯುತ್ತಿದೆ.