ಕೋಲಾ ಸುರಿದರೆ ತುಕ್ಕು ಹಿಡಿದ ಬೋಲ್ಟ್ ಬಿಚ್ಚುತ್ತದೆಯೇ? ಈ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಅಪಾಯವೆಷ್ಟು?

‘ತುಕ್ಕು ಹಿಡಿದ ಬೋಲ್ಟ್ ಮೇಲೆ ಕೋಲಾ ಸುರಿಯಿರಿ, ಎರಡೇ ನಿಮಿಷದಲ್ಲಿ ಕೈಯಲ್ಲೇ ತಿರುಗುತ್ತದೆ.’ ‘ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಎಳೆಯಿರಿ, ಯಾವ ಬೋಲ್ಟ್ ಆದರೂ ಬರುತ್ತದೆ.’ ‘ಬೆಂಕಿ ತೋರಿಸಿದರೆ ಮುಗಿಯಿತು, ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ.’ ಇಂಥ ವಿಡಿಯೋಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮನೆಯಲ್ಲೇ ಬೈಕ್ ಅಥವಾ ಕಾರಿನ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರು ಇವನ್ನು ನಂಬಿ ಕೆಲಸಕ್ಕೆ ಇಳಿಯುತ್ತಾರೆ.

ಇವು ಪೂರ್ತಿ ಸುಳ್ಳಲ್ಲ. ಪ್ರತಿಯೊಂದರಲ್ಲೂ ಒಂದಿಷ್ಟು ವಿಜ್ಞಾನವಿದೆ. ಆದರೆ ಬಹುತೇಕ ವಿಡಿಯೋಗಳು ಹೇಳದೆ ಬಿಡುವ ಎರಡು ವಿಷಯಗಳಿವೆ: ಒಂದು, ಇದಕ್ಕೆ ಬೇಕಾಗುವ ಸಮಯ, ಇನ್ನೊಂದು, ಎಲ್ಲಿ ಮಾಡಬಾರದು ಎಂಬುದು. ಮೊದಲನೆಯದನ್ನು ಮರೆತರೆ ಬೋಲ್ಟ್ ಮುರಿಯುತ್ತದೆ. ಎರಡನೆಯದನ್ನು ಮರೆತರೆ ಪ್ರಾಣಕ್ಕೇ ಕುತ್ತು ಬರಬಹುದು.

ಬೋಲ್ಟ್ ಜಾಮ್ ಆಗುವುದು ಏಕೆ?

ಬೋಲ್ಟ್‌ನ ಥ್ರೆಡ್ ಮತ್ತು ಅದು ಕೂರುವ ತೂತಿನ ಥ್ರೆಡ್ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಆ ಸಂದಿಗೆ ನೀರು ಮತ್ತು ಗಾಳಿ ಸೇರಿದಾಗ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಯಾವ ಬಗೆಯ ತುಕ್ಕು ಎಂಬುದರ ಮೇಲೆ, ಕರಗಿದ ಕಬ್ಬಿಣದ ಎರಡರಿಂದ ನಾಲ್ಕು ಪಟ್ಟು ಗಾತ್ರಕ್ಕೆ ಅದು ಉಬ್ಬಬಲ್ಲದು. ಹೊರಗೆ ಹೋಗಲು ದಾರಿ ಇಲ್ಲದೆ ಅದು ಎರಡೂ ಥ್ರೆಡ್‌ಗಳನ್ನು ಒತ್ತಿ ಹಿಡಿಯುತ್ತದೆ.

ಉಪ್ಪು ಈ ಕ್ರಿಯೆಯನ್ನು ಇನ್ನಷ್ಟು ಚುರುಕಾಗಿಸುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಗೆ ನಿಲ್ಲುವ ಬೈಕಿನ ಬೋಲ್ಟ್‌ಗಳು ಒಣ ಊರಿನ ಬೈಕಿಗಿಂತ ಬೇಗ ತುಕ್ಕು ಹಿಡಿಯುವುದು ಇದೇ ಕಾರಣಕ್ಕೆ. ಸೈಲೆನ್ಸರ್ ಬೋಲ್ಟ್‌ಗಳ ಕಥೆ ಇನ್ನೂ ಕಷ್ಟ. ಅವು ದಿನವೂ ಕಾದು ತಣ್ಣಗಾಗುತ್ತವೆ, ಮಳೆ ನೀರನ್ನೂ ಕುಡಿಯುತ್ತವೆ.

ಇಂಜಿನ್ ಭಾಗಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಬೋಲ್ಟ್ ಉಕ್ಕಿನದು, ಅದು ಕೂರುವ ಭಾಗ ಅಲ್ಯೂಮಿನಿಯಂನದು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರಾಗುತ್ತದೆ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಥ್ರೆಡ್ ತುಂಬ ಕಟ್ಟಿಕೊಳ್ಳುತ್ತದೆ.

ಹೇಳಿಕೆ 1: ಕೋಲಾ ಸುರಿದರೆ ಬೋಲ್ಟ್ ಬಿಚ್ಚುತ್ತದೆ

ಅರ್ಧ ನಿಜ. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇದೆ, ಅದರ ಪಿಎಚ್ ಸುಮಾರು 2.5. ತುಕ್ಕು ತೆಗೆಯಲೆಂದೇ ಮಾರುವ ಹಲವು ದ್ರಾವಣಗಳಲ್ಲೂ ಇದೇ ಆಮ್ಲ ಇರುತ್ತದೆ, ಆದರೆ ಹಲವು ಪಟ್ಟು ಗಾಢವಾಗಿ. ಬಿಚ್ಚಿ ಇಟ್ಟ ಬೋಲ್ಟನ್ನು ರಾತ್ರಿಯಿಡೀ ಕೋಲಾದಲ್ಲಿ ನೆನೆಸಿದರೆ ಮೇಲಿನ ತುಕ್ಕು ಕಡಿಮೆಯಾಗುವುದು ನಿಜ.

ಜಾಮ್ ಆದ ಬೋಲ್ಟ್‌ನ ತುಕ್ಕು ಇರುವುದು ಒಳಗೆ, ಥ್ರೆಡ್‌ನ ಸಂದಿಯಲ್ಲಿ. ಮೇಲೆ ಸುರಿದ ಪಾನೀಯ ಅಲ್ಲಿಗೆ ತಲುಪುವ ಮೊದಲೇ ಹರಿದುಹೋಗುತ್ತದೆ ಅಥವಾ ಒಣಗುತ್ತದೆ. ಉಳಿಯುವುದು ಸಕ್ಕರೆಯ ಅಂಟು ಮತ್ತು ಹೊಸ ತುಕ್ಕಿಗೆ ಬೇಕಾದ ತೇವ. ಎರಡು ನಿಮಿಷದ ಮಾತು ಸುಳ್ಳು.

ಹೇಳಿಕೆ 2: ಡಬ್ಲ್ಯೂಡಿ-40 ಹೊಡೆದು ತಕ್ಷಣ ತಿರುಗಿಸಿ

ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ‘ನೀರನ್ನು ಹೊರದಬ್ಬುವುದು, 40ನೇ ಪ್ರಯತ್ನ’ ಎಂಬುದೇ ಆ ಹೆಸರಿನ ಅರ್ಥ. ಅಂದರೆ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೂಲ ಕೆಲಸ. ಜಾಮ್ ಬಿಡಿಸಲೂ ಅದು ಸ್ವಲ್ಪ ನೆರವಾಗುತ್ತದೆ. ಆದರೆ ಸಂದಿಗೆ ಇಳಿಯಲೆಂದೇ ತಯಾರಿಸಿದ ಪೆನೆಟ್ರೇಟಿಂಗ್ ಆಯಿಲ್ ಈ ಕೆಲಸಕ್ಕೆ ಹೆಚ್ಚು ಸೂಕ್ತ. ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ.

ಯಾವ ಎಣ್ಣೆಯೇ ಆಗಲಿ, ಸಮಯ ಬೇಕೇ ಬೇಕು. ಹಣತೆಯ ಬತ್ತಿ ಎಣ್ಣೆಯನ್ನು ನಿಧಾನವಾಗಿ ಮೇಲಕ್ಕೆಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ತೆಳು ಎಣ್ಣೆ ಥ್ರೆಡ್‌ನೊಳಗೆ ಇಳಿಯುವುದೂ ಅದೇ ತತ್ತ್ವದಿಂದ. ಸಂಜೆ ಹಾಕಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮಲಗುವ ಮುನ್ನ ಮತ್ತೊಮ್ಮೆ ಹಾಕಿ, ಬೆಳಗ್ಗೆ ಪ್ರಯತ್ನಿಸುವುದು ಸರಿಯಾದ ಕ್ರಮ. ತಟ್ಟುವುದರಿಂದ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಒಂದು ಎಚ್ಚರಿಕೆ: ಬ್ರೇಕ್ ಡಿಸ್ಕ್, ಪ್ಯಾಡ್, ಡ್ರಮ್‌ಗಳ ಮೇಲೆ ಎಣ್ಣೆಯ ಒಂದು ಹನಿಯೂ ಬೀಳಬಾರದು. ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಹೇಳಿಕೆ 3: ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೆಯಿರಿ

ಇಲ್ಲಿ ಲೆಕ್ಕ ಮಾಡಿ ನೋಡೋಣ. 15 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯನ್ನು 20 ಕೆ.ಜಿ. ಭಾರದಷ್ಟು ಬಲದಿಂದ ಎಳೆದರೆ ಬೋಲ್ಟ್ ಮೇಲೆ ಬೀಳುವ ತಿರುಚು ಬಲ ಸುಮಾರು 30 ನ್ಯೂಟನ್ ಮೀಟರ್. ಪೈಪ್ ಸೇರಿಸಿ ಉದ್ದವನ್ನು 60 ಸೆಂ.ಮೀ. ಮಾಡಿದರೆ ಅದೇ ಕೈಯ ಬಲ 120 ನ್ಯೂಟನ್ ಮೀಟರ್ ಆಗುತ್ತದೆ.

ಬೈಕಿನಲ್ಲಿ 10 ನಂಬರ್ ಸ್ಪ್ಯಾನರ್ ಕೂರುವ ಬೋಲ್ಟ್‌ನ ಮೈ ದಪ್ಪ ಸಾಮಾನ್ಯವಾಗಿ 6 ಮಿ.ಮೀ. ಮಾತ್ರ. 12 ಅಥವಾ 13 ನಂಬರ್‌ನದು 8 ಮಿ.ಮೀ. ಸಾಧಾರಣ 8.8 ದರ್ಜೆಯ 6 ಮಿ.ಮೀ. ಬೋಲ್ಟ್ ಸುಮಾರು 15 ನ್ಯೂಟನ್ ಮೀಟರ್‌ಗೆ, 8 ಮಿ.ಮೀ. ಬೋಲ್ಟ್ ಸುಮಾರು 35 ನ್ಯೂಟನ್ ಮೀಟರ್‌ಗೆ ತುಂಡಾಗಬಹುದು. ಪೈಪ್ ಹಾಕಿದರೆ ಬೋಲ್ಟ್ ಬರುವುದು ನಿಜ, ಆದರೆ ತಲೆ ಮಾತ್ರ ಕೈಗೆ ಬರುತ್ತದೆ. ಮೈ ಇಂಜಿನ್‌ನೊಳಗೇ ಉಳಿಯುತ್ತದೆ.

ಕಾರಿನ ಚಕ್ರದ ನಟ್‌ಗಳು ದಪ್ಪ. ಅವನ್ನು ಬಿಗಿ ಮಾಡುವುದೇ ಸುಮಾರು 100 ನ್ಯೂಟನ್ ಮೀಟರ್‌ಗೆ. ಅವುಗಳಿಗೆ ಉದ್ದ ಹಿಡಿಯ ವೀಲ್ ಸ್ಪ್ಯಾನರ್ ಬಳಸಬಹುದು. ಆದರೆ ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಜಾಕ್ ಮೇಲೆ ನಿಂತ ಕಾರಿನ ನಟ್ ಅನ್ನು ಜಗ್ಗಿದರೆ ಕಾರು ಜಾರಿ ಬೀಳಬಹುದು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಎಂದೂ ಹೋಗಬೇಡಿ.

ಹೇಳಿಕೆ 4: ಬೆಂಕಿ ತೋರಿಸಿದರೆ ಸಾಕು

ವಿಜ್ಞಾನ ಸರಿ, ಸಲಹೆ ಅಪಾಯಕಾರಿ. ಲೋಹ ಕಾದರೆ ಹಿಗ್ಗುತ್ತದೆ. 8 ಮಿ.ಮೀ. ಉಕ್ಕು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದಾಗ ಹಿಗ್ಗುವುದು ಮಿಲಿಮೀಟರ್‌ನ ನೂರರಲ್ಲಿ ಎರಡು ಪಾಲು ಮಾತ್ರ. ತುಕ್ಕಿನ ಹಿಡಿತ ಬಿರುಕು ಬಿಡಲು ಅಷ್ಟು ಸಾಕಾಗುತ್ತದೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಇಂಜಿನ್ ಭಾಗ ಬಿಸಿಯಾದಾಗ ಒಳಗಿನ ಉಕ್ಕಿನ ಬೋಲ್ಟ್ ಸಡಿಲಾಗುವ ಸಾಧ್ಯತೆ ಹೆಚ್ಚು. ವರ್ಕ್‌ಶಾಪ್‌ಗಳಲ್ಲಿ ಬಿಸಿ ಮಾಡುವುದು ಹೊಸದೇನಲ್ಲ.

ಆದರೆ ಈ ಕೆಳಗಿನ ಕಡೆ ಬೆಂಕಿ ಹಿಡಿಯಲೇಬಾರದು:

• ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಪೈಪ್, ಕಾರ್ಬ್ಯುರೇಟರ್ ಹತ್ತಿರ. ಪೆಟ್ರೋಲ್ ಆವಿ ಕೊರೆಯುವ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ.

• ಗಾಳಿ ತುಂಬಿದ ಟಯರ್ ಇರುವ ಚಕ್ರದ ನಟ್‌ಗೆ. ಕಾದ ರಬ್ಬರ್ ಒಳಗೇ ಸುಡುವ ಅನಿಲ ಬಿಡುತ್ತದೆ. ಟಯರ್ ಬಾಂಬಿನಂತೆ ಸಿಡಿಯಬಹುದು, ಅದೂ ಬೆಂಕಿ ಆರಿಸಿದ ಎಷ್ಟೋ ಹೊತ್ತಿನ ನಂತರ.

• ಶಾಕ್ ಅಬ್ಸಾರ್ಬರ್‌ಗೆ. ಹಲವು ಶಾಕ್‌ಗಳೊಳಗೆ ಒತ್ತಡದಲ್ಲಿ ಅನಿಲ ತುಂಬಿರುತ್ತದೆ.

• ಬ್ಯಾಟರಿ ಹತ್ತಿರ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ನ ಬ್ಯಾಟರಿ ಬಳಿಯಂತೂ ಬೆಂಕಿಯ ಮಾತೇ ಬೇಡ.

• ಬ್ರೇಕ್ ಕ್ಲೀನರ್ ಸ್ಪ್ರೇ ಮಾಡಿದ ಭಾಗಕ್ಕೆ. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದು ಬೆಂಕಿಗೆ ಸಿಕ್ಕರೆ ಫಾಸ್ಜೀನ್ ಅನಿಲ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಅಸ್ತ್ರವಾಗಿ ಬಳಸಿದ ವಿಷಾನಿಲ ಅದು. ಉಸಿರಾಡಿದ ಹಲವು ಗಂಟೆಗಳ ನಂತರ ಶ್ವಾಸಕೋಶ ಕೈಕೊಡಬಹುದು.

• ಸೀಮೆಎಣ್ಣೆ, ಡೀಸೆಲ್, ಅಸಿಟೋನ್ ಅಥವಾ ಯಾವುದೇ ಎಣ್ಣೆ ಹಾಕಿ ಇನ್ನೂ ಒದ್ದೆಯಿರುವ ಬೋಲ್ಟ್‌ಗೆ.

ಈ ಪಟ್ಟಿ ನೋಡಿದರೆ ವಾಹನದಲ್ಲಿ ಬೆಂಕಿ ಹಿಡಿಯಲು ಉಳಿಯುವ ಜಾಗ ಬಹಳ ಕಡಿಮೆ. ಭಾಗವನ್ನು ವಾಹನದಿಂದ ಕಳಚಿ ದೂರ ಒಯ್ಯಲು ಆಗದಿದ್ದರೆ ಬಿಸಿ ಮಾಡುವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಹಾಗಾದರೆ ಮನೆಯಲ್ಲಿ ಮಾಡುವ ಸರಿಯಾದ ಕ್ರಮ ಯಾವುದು?

1. ತಿರುಗಿಸುವ ದಿಕ್ಕು ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಸೈಕಲ್ಲಿನ ಎಡ ಪೆಡಲ್, ಕೆಲವು ಬೈಕ್‌ಗಳ ಬಲ ಕನ್ನಡಿ ಇದಕ್ಕೆ ಉಲ್ಟಾ. ಜಾಮ್ ಆಗಿದೆ ಎಂದುಕೊಂಡದ್ದು ನಿಜಕ್ಕೂ ಉಲ್ಟಾ ಥ್ರೆಡ್ ಇರಬಹುದು.

2. ವೈರ್ ಬ್ರಶ್‌ನಿಂದ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ನಂತರ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ.

3. ತೆರೆದ ಬಾಯಿಯ ಸ್ಪ್ಯಾನರ್, ಅಡ್ಜಸ್ಟಬಲ್ ಸ್ಪ್ಯಾನರ್, ಇಕ್ಕಳ ಬೇಡ. ಬೋಲ್ಟ್‌ನ ಆರೂ ಮುಖಗಳನ್ನು ಹಿಡಿಯುವ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಬಳಸಿ. ಮೂಲೆ ಸವೆದು ತಲೆ ಗುಂಡಗಾದರೆ ಕೆಲಸ ಎರಡು ಪಟ್ಟು ಕಷ್ಟ.

4. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಸ್ಪ್ಯಾನರ್ ಜಾರಿದರೆ ಕೈ ಎಲ್ಲಿಗೆ ಬಡಿಯುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

5. ಮೊದಲು ಬಿಗಿಯಾಗುವ ಕಡೆಗೆ ಒಂದೆಳೆ ಅಲುಗಾಡಿಸಿ, ಆಮೇಲೆ ಸಡಿಲದ ಕಡೆಗೆ ತಿರುಗಿಸಿ. ತುಕ್ಕಿನ ಹಿಡಿತ ಹೀಗೆ ಒಡೆಯುತ್ತದೆ.

6. ಕಾಲು ಸುತ್ತು ಬಂದ ಮೇಲೆ ಮತ್ತೆ ಬಿಗಿಯಾದರೆ ಜಗ್ಗಬೇಡಿ. ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮುಂದಕ್ಕೆ ತನ್ನಿ. ಹೀಗೆ ಹಿಂದೆ ಮುಂದೆ ಮಾಡುತ್ತಲೇ ಹೊರತೆಗೆಯಿರಿ.

7. ಬಿಚ್ಚುವ ಬೋಲ್ಟ್ ‘ಟಕ್’ ಎಂದು ಬಿಡುತ್ತದೆ. ಹಾಗಾಗದೆ ರಬ್ಬರಿನಂತೆ ಮೆತ್ತಗೆ ತಿರುಗಿದ ಹಾಗೆ ಅನಿಸಿದರೆ ಬೋಲ್ಟ್ ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ.

ಸ್ಟಾರ್ ತಲೆಯ ಸ್ಕ್ರೂ ಆಗಿದ್ದರೆ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಉಪಯುಕ್ತ. ಅದರ ಹಿಂಭಾಗಕ್ಕೆ ಸುತ್ತಿಗೆಯಿಂದ ಹೊಡೆದಾಗ ಅದು ಸ್ಕ್ರೂವನ್ನು ಒಳಕ್ಕೆ ಒತ್ತಿ ಹಿಡಿದೇ ತಿರುಗಿಸುತ್ತದೆ, ಜಾರುವುದಿಲ್ಲ.

ಮೆಕ್ಯಾನಿಕ್ ಬಳಿ ಹೋಗಬೇಕಾದದ್ದು ಯಾವಾಗ?

ಬೋಲ್ಟ್ ಇಂಜಿನ್ ಹೆಡ್‌ನಲ್ಲಿದ್ದರೆ, ಬ್ರೇಕ್ ಅಥವಾ ಸ್ಟಿಯರಿಂಗ್‌ಗೆ ಸೇರಿದ್ದರೆ, ತಲೆ ಗುಂಡಗಾಗಿದ್ದರೆ, ಎರಡು ದಿನ ಎಣ್ಣೆ ಹಾಕಿದರೂ ಅಲುಗದಿದ್ದರೆ ನಿಲ್ಲಿಸುವುದು ಸೋಲಲ್ಲ. ತಲೆ ಇನ್ನೂ ಇರುವ ಬೋಲ್ಟ್ ತೆಗೆಯುವುದು ಗ್ಯಾರೇಜಿನವರಿಗೆ ಸುಲಭ. ಮುರಿದು ಒಳಗೆ ಉಳಿದರೆ ವೆಲ್ಡಿಂಗ್‌ನಿಂದ ನಟ್ ಅಂಟಿಸಿಯೋ, ಲೇತ್ ಅಂಗಡಿಯಲ್ಲಿ ಕೊರೆದೋ ತೆಗೆಯಬೇಕು. ಉಳಿಸಲು ಹೊರಟ ದುಡ್ಡಿಗಿಂತ ಹೆಚ್ಚು ಖರ್ಚಾಗುವುದು ಆಗಲೇ.

ಹಳೆಯ ಬೋಲ್ಟ್ ಬಂದ ಮೇಲೆ ಅದನ್ನೇ ಮತ್ತೆ ಹಾಕಬೇಡಿ. ತಲೆಯ ಮೇಲೆ ಬರೆದಿರುವ 8.8ರಂಥ ದರ್ಜೆ ನೋಡಿ ಅದೇ ದರ್ಜೆಯ, ಅದೇ ಅಳತೆಯ ಹೊಸದು ತನ್ನಿ. ಸೈಲೆನ್ಸರ್‌ನಂಥ ಕಡೆ ಥ್ರೆಡ್‌ಗೆ ತೆಳುವಾಗಿ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿದರೆ ಮುಂದಿನ ಸಲ ಈ ಪಾಡಿಲ್ಲ. ಚಕ್ರದ ನಟ್‌ಗಳಿಗೆ ಮಾತ್ರ ಕಂಪನಿಯ ಪುಸ್ತಕ ಹೇಳದ ಹೊರತು ಗ್ರೀಸ್ ಬೇಡ. ಜಾರು ಹೆಚ್ಚಾದರೆ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗಿ ಬೋಲ್ಟ್‌ಗೇ ಪೆಟ್ಟು.

ನಮ್ಮ ತೀರ್ಮಾನ

ಕೋಲಾ: ಉಪಯೋಗ ಅಲ್ಪ. ಎಣ್ಣೆ: ಉಪಯುಕ್ತ, ರಾತ್ರಿಯಿಡೀ ಬಿಟ್ಟರೆ. ಪೈಪ್: ಸಣ್ಣ ಬೋಲ್ಟ್‌ಗೆ ಬೇಡವೇ ಬೇಡ. ಬೆಂಕಿ: ಮನೆಯಲ್ಲಿ ಬೇಡ. ‘ಬೆಂಕಿ ತೋರಿಸಿ’ ಎನ್ನುವ ವಿಡಿಯೋ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಟಯರ್ ಮತ್ತು ಪೆಟ್ರೋಲ್ ಟ್ಯಾಂಕ್‌ನ ಎಚ್ಚರಿಕೆಯನ್ನು ಕಳಿಸಿ.